ಎಸ್ ಏರುತ್ತಿತ್ತು, ಆರ್ ಬರಲೇ ಇಲ್ಲ

ಕಕ್ಕಡದ, ಅಂದರೆ ಜುಲೈ-ಆಗಸ್ಟ್‌ನ, ಮಳೆ ಹೇಗಿರುತ್ತದೆ ಅಂತ ಮಡಿಕೇರಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕರೆಂಟ್ ಹೋಗುತ್ತದೆ, ಬರುತ್ತದೆ, ಮತ್ತೆ ಹೋಗುತ್ತದೆ. ಅಂಥ ಒಂದು ಸಂಜೆ ನಮ್ಮ ಕಚೇರಿಯ ಎಐಎಕ್ಸ್ (ಐಬಿಎಂನ ಯುನಿಕ್ಸ್ ಆಪರೇಟಿಂಗ್ ಸಿಸ್ಟಂ) ಸರ್ವರ್ ಆಫ್ ಆದದ್ದು ಮತ್ತೆ ಏಳಲಿಲ್ಲ. ಆಪರೇಟಿಂಗ್ ಸಿಸ್ಟಂ ಇದ್ದ ಡಿಸ್ಕ್ ಕೆಟ್ಟಿತ್ತು. ಅದಕ್ಕೆ ಮಿರರ್, ಅಂದರೆ ಇನ್ನೊಂದು ಡಿಸ್ಕ್‌ನಲ್ಲಿ ಪಡಿಯಚ್ಚು, ಇರಲಿಲ್ಲ. ಕಾಫಿ ತೋಟದವರ ಲೆಕ್ಕ ಬೇರೆ ಡಿಸ್ಕ್‌ಗಳಲ್ಲಿ ಕ್ಷೇಮವಾಗಿತ್ತು, ಆದರೆ ಬೆಳಗ್ಗೆ ಜನ ಬರುವಷ್ಟರಲ್ಲಿ ಯಂತ್ರ ಎದ್ದಿರಬೇಕಿತ್ತು.

ಬಿಡಿ ಡಿಸ್ಕ್ ಕಪಾಟಿನಲ್ಲಿತ್ತು. ಬ್ಯಾಕಪ್ ಕೂಡ ಇತ್ತು. ಇಲ್ಲಿನ ತೇವಕ್ಕೆ ಟೇಪ್ ನಂಬುವುದನ್ನು ನಾವು ಯಾವಾಗಲೋ ಬಿಟ್ಟಿದ್ದೆವು. ಪ್ರತಿ ಭಾನುವಾರ ಎಂಕೆಸಿಸ್‌ಬಿ ಇಮೇಜ್ (ಆಪರೇಟಿಂಗ್ ಸಿಸ್ಟಂನ ಪೂರ್ತಿ ಪ್ರತಿ) ಮಾಡಿ, ನೆಟ್‌ವರ್ಕ್ ಮೇಲೆ ಇನ್ನೊಂದು ಸರ್ವರ್‌ಗೆ, ಅಂದರೆ ಬೇರೆ ಯಂತ್ರಗಳಿಗೆ ನೆಟ್‌ವರ್ಕ್ ಮೂಲಕ ಎಐಎಕ್ಸ್ ಹಾಕಿಕೊಡುವ ಎನ್‌ಐಎಂ ಮಾಸ್ಟರ್‌ಗೆ ಕಳಿಸುತ್ತಿದ್ದೆವು. ಲಾಗ್‌ನಲ್ಲಿ ಎಲ್ಲ ವಾರವೂ ಯಶಸ್ವಿ. ಒಂದೂವರೆ ಗಂಟೆಯ ಕೆಲಸ ಅಂದುಕೊಂಡೆ.

ಡಿಸ್ಕ್ ಬದಲಿಸಿ, ಯಂತ್ರದ ಬೂಟ್ ಸೆಟ್ಟಿಂಗ್ ಇರುವ ಎಸ್‌ಎಂಎಸ್ ಮೆನುವಿನಲ್ಲಿ ಐಪಿ, ಗೇಟ್‌ವೇ, ಮಾಸ್ಟರ್ ವಿಳಾಸ ಕೊಟ್ಟು ಬೂಟ್ ಮಾಡಿದೆವು. ಪರದೆಯಲ್ಲಿ ಬೂಟ್‌ಪಿ ಸಾಲು ಬಂತು. ಬೂಟ್ ಆಗಲು ಯಂತ್ರ ಮಾಸ್ಟರ್‌ನ ಕೇಳುವ ವಿಧಾನ ಅದು. ಎಸ್ ಅಂದರೆ ಕಳಿಸಿದ್ದು, ಆರ್ ಅಂದರೆ ಬಂದ ಉತ್ತರ. ಎಸ್ 1, 2, 3 ಅಂತ ಏರುತ್ತಾ ಹೋಯಿತು.

"ಅಕ್ಕಾ, ಆರ್ ಬರ್ತಾನೇ ಇಲ್ಲ" ಅಂದ ಜೊತೆಗಿದ್ದ ಹುಡುಗ.

ಇಂಥ ಹೊತ್ತಲ್ಲಿ ಕೇಬಲ್, ಪೋರ್ಟ್, ಐಪಿ ಎಲ್ಲವನ್ನೂ ಒಟ್ಟಿಗೆ ಬದಲಿಸಲು ಕೈ ತುರಿಸುತ್ತದೆ. ಹಾಗೆ ಮಾಡಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ನೆಟ್‌ವರ್ಕ್ ರಿಸ್ಟೋರ್ ಮೆಟ್ಟಿಲು ಮೆಟ್ಟಿಲಾಗಿ ಹತ್ತುತ್ತದೆ. ಮೊದಲು ಬೂಟ್‌ಪಿಯಲ್ಲಿ ಉತ್ತರ ಸಿಗಬೇಕು. ಆಮೇಲೆ ಟಿಎಫ್‌ಟಿಪಿಯಲ್ಲಿ ಬೂಟ್ ಫೈಲ್ ಬರಬೇಕು. ಕೊನೆಗೆ ಎನ್‌ಎಫ್‌ಎಸ್‌ನಲ್ಲಿ ಮಾಸ್ಟರ್‌ನ ಡೈರೆಕ್ಟರಿಗಳು ಮೌಂಟ್ ಆಗಬೇಕು, ಅಂದರೆ ನೆಟ್‌ವರ್ಕ್ ಮೇಲಿಂದಲೇ ತೆರೆದುಕೊಳ್ಳಬೇಕು. ಯಾವ ಮೆಟ್ಟಿಲಲ್ಲಿ ನಿಂತಿತು ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ.

ಅದೇ ಕೇಬಲ್‌ಗೆ ಲ್ಯಾಪ್‌ಟಾಪ್ ಹಾಕಿದೆವು. ಪಿಂಗ್‌ಗೆ ಉತ್ತರ ಬಂತು, ಅಂದರೆ ದಾರಿ ಸರಿ ಇತ್ತು. ಹುಡುಗನ ಕಣ್ಣು ಮಾತ್ರ ಸ್ವಿಚ್ ಮೇಲಿತ್ತು. "ಲೈಟು ಸುಮಾರು ಹೊತ್ತು ಕಿತ್ತಳೆ ಇತ್ತು, ಆಮೇಲೆ ಹಸಿರಾಯ್ತು" ಅಂದ. ಗುಟ್ಟು ಅಲ್ಲೇ ಇತ್ತು. ಮಳೆಗಾಲಕ್ಕೆ ಮುಂಚೆ ಸ್ವಿಚ್ ಬದಲಾಗಿತ್ತು. ಹಳೆಯದರಲ್ಲಿದ್ದ ಪೋರ್ಟ್‌ಫಾಸ್ಟ್ (ಪೋರ್ಟ್ ಕಾಯದೆ ತಕ್ಷಣ ತೆರೆಯುವ ಸೆಟ್ಟಿಂಗ್) ಹೊಸದರಲ್ಲಿ ಹಾಕಿರಲಿಲ್ಲ. ನೆಟ್‌ವರ್ಕ್‌ನಲ್ಲಿ ಸುತ್ತು ಬೀಳದಂತೆ ನೋಡುವ ಸ್ಪ್ಯಾನಿಂಗ್ ಟ್ರೀ ಲೆಕ್ಕದಲ್ಲಿ ಪೋರ್ಟ್ 15 ಸೆಕೆಂಡ್ ಕೇಳಿಸಿಕೊಳ್ಳುತ್ತದೆ, ಇನ್ನೊಂದು 15 ಸೆಕೆಂಡ್ ಕಲಿಯುತ್ತದೆ, ಆಮೇಲಷ್ಟೇ ದಾರಿ ಬಿಡುತ್ತದೆ. ಸರ್ವರ್ ಬೂಟ್ ಆಗುವಾಗ ಲಿಂಕ್ ಹೊಸದಾಗಿ ಏಳುತ್ತದೆ. ಪೋರ್ಟ್ ತೆರೆಯುವುದರೊಳಗೆ ನಮ್ಮ ಯಂತ್ರ ಕೇಳಿ ಕೇಳಿ ಸುಮ್ಮನಾಗುತ್ತಿತ್ತು. ಪೋರ್ಟ್‌ಫಾಸ್ಟ್ ಹಾಕಿದ ಮೇಲೆ ಮೊದಲ ಸಲಕ್ಕೇ ಆರ್ ಬಂತು.

ಫೈಲ್ ಇಳಿಯಿತು, ಕರ್ನಲ್ ಎದ್ದಿತು. ಆಮೇಲೆ ಮುಂಭಾಗದ ಪುಟ್ಟ ಪರದೆಯಲ್ಲಿ 0611 ಅಂತ ಬಂದು ನಿಂತಿತು.

611 ಅಂದರೆ ಎನ್‌ಎಫ್‌ಎಸ್ ಮೌಂಟ್ ಆಗಲಿಲ್ಲ ಅಂತ. ಬೂಟ್‌ಪಿ, ಟಿಎಫ್‌ಟಿಪಿ ಎರಡೂ ದಾಟಿದ್ದೇವೆ, ಹಾಗಾಗಿ ಕೇಬಲ್ ಕಡೆ ತಿರುಗಿಯೂ ನೋಡಬೇಕಾಗಿಲ್ಲ. ಮಾಸ್ಟರ್‌ಗೆ ಹೋಗಿ ಎಕ್ಸ್‌ಪೋರ್ಟ್ಸ್ (ಯಾವ ಡೈರೆಕ್ಟರಿ ಯಾರಿಗೆ ಅನ್ನುವ ಪಟ್ಟಿ) ನೋಡಿದೆ. ನಮ್ಮ ಸರ್ವರ್ ಹೆಸರಿಗೆ ಅನುಮತಿ ಇದೆ. ಐಪಿಗೆ ಹೆಸರು ಜೋಡಿಸುವ ಹೋಸ್ಟ್ಸ್ ಫೈಲ್ ತೆರೆದೆ. ನಮ್ಮ ಸರ್ವರ್‌ನ ಐಪಿಗೆ ಎರಡು ಸಾಲು. ಮೇಲಿನ ಸಾಲಿನಲ್ಲಿ ಹಿಂದೆ ಪರೀಕ್ಷೆಗೆ ಇಟ್ಟಿದ್ದ ಯಂತ್ರದ ಹೆಸರು. ಮಾಸ್ಟರ್ ಐಪಿಯಿಂದ ಹೆಸರು ಹುಡುಕುತ್ತದೆ, ಮೊದಲು ಸಿಕ್ಕಿದ ಹೆಸರು ಬೇರೆಯವರದ್ದು, ಬಾಗಿಲು ಹಾಕುತ್ತದೆ. ಆ ಸಾಲು ತೆಗೆದೆ, ಎನ್‌ಐಎಂನಲ್ಲಿ ಕ್ಲೈಂಟ್ ರಿಸೆಟ್ ಮಾಡಿ ಮೊದಲಿಂದ ಶುರು ಮಾಡಿದೆ.

ಇಷ್ಟು ವಾರ ಬ್ಯಾಕಪ್ ಸರಿಯಾಗಿ ಹೋಗುತ್ತಿತ್ತಲ್ವಾ, ಇದು ಯಾಕೆ ಕಾಣಲಿಲ್ಲ ಅಂತ ಅಲ್ಲೇ ಕೂತು ಯೋಚಿಸಿದೆ. ಇಮೇಜ್ ಹೋಗುತ್ತಿದ್ದದ್ದು ಎಸ್‌ಸಿಪಿಯಲ್ಲಿ, ಅಂದರೆ ಬರೀ ಫೈಲ್ ನಕಲಿಸುವ ಆಜ್ಞೆಯಲ್ಲಿ. ಅದಕ್ಕೆ ಬೂಟ್‌ಪಿಯೂ ಬೇಡ, ಎನ್‌ಎಫ್‌ಎಸ್ಸೂ ಬೇಡ. ಹೋಗುವ ದಾರಿ ಒಂದು, ಬರುವ ದಾರಿ ಇನ್ನೊಂದು. ಬರುವ ದಾರಿಯಲ್ಲಿ ನಾವು ಒಂದು ಸಲವೂ ನಡೆದಿರಲಿಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಸಂಪಾಜೆ ಕಡೆಯ ರಸ್ತೆ ಮುಚ್ಚಿದ್ದನ್ನು ಕಂಡ ಊರಿನವರು ನಾವು. ಆದರೂ ಈ ಸರ್ವರ್ ವಿಷಯದಲ್ಲಿ ದಾರಿ ನೋಡಿಟ್ಟುಕೊಂಡಿರಲಿಲ್ಲ ಅನ್ನುವುದು ನನಗೆ ಈಗಲೂ ಬೇಸರ.

ಕೊನೆಗೆ ಇನ್‌ಸ್ಟಾಲ್ ಮೆನು ಬಂತು. ನನಗೆ ಅತಿ ಜಾಸ್ತಿ ಭಯವಾದದ್ದು ಇಲ್ಲೇ. ಯಾವ ಡಿಸ್ಕ್ ಮೇಲೆ ಹಾಕಲಿ ಅಂತ ಕೇಳುತ್ತದೆ. ಎಂಕೆಸಿಸ್‌ಬಿಯಲ್ಲಿ ರೂಟ್‌ವಿಜಿ, ಅಂದರೆ ಆಪರೇಟಿಂಗ್ ಸಿಸ್ಟಂನ ಭಾಗ, ಮಾತ್ರ ಇರುತ್ತದೆ, ತೋಟದವರ ಲೆಕ್ಕ ಇರುವುದಿಲ್ಲ. ಹೊಸ ಡಿಸ್ಕ್ ಬಂದಿದ್ದರಿಂದ ಎಐಎಕ್ಸ್ ಡಿಸ್ಕ್‌ಗಳಿಗೆ ಕೊಡುವ ಎಚ್‌ಡಿಸ್ಕ್ ನಂಬರ್‌ಗಳು ಹಿಂದುಮುಂದಾಗಿದ್ದವು. ಎಚ್‌ಡಿಸ್ಕ್ 0 ಅಂತ ಅಭ್ಯಾಸಬಲದಿಂದ ಒತ್ತಿದ್ದರೆ ಡೇಟಾ ಡಿಸ್ಕ್ ಅಳಿಸಿ ಹೋಗುತ್ತಿತ್ತು. ಹುಡುಗ ಟಾರ್ಚ್ ಹಿಡಿದು ಸ್ಲಾಟ್ ಮೇಲಿನ ಲೊಕೇಶನ್ ಕೋಡ್ ಒಂದೊಂದೇ ಅಕ್ಷರವಾಗಿ ಓದಿದ. ನಾನು ಪರದೆ ನೋಡಿ ಮತ್ತೆ ಹೇಳಿದೆ. ಎರಡು ಸಲ ತಾಳೆ ನೋಡಿದ ಮೇಲೆ ಎಂಟರ್ ಒತ್ತಿದೆ.

ಉಳಿದದ್ದು ಕಾಯುವ ಕೆಲಸ. ಬೆಳಗಿನ ಜಾವ ಡೇಟಾ ಡಿಸ್ಕ್‌ಗಳನ್ನು ಇಂಪೋರ್ಟ್ ಮಾಡಿದೆವು, ಲೆಕ್ಕ ತೆರೆಯಿತು.

ಈಗ ತಿಂಗಳಿಗೊಂದು ಶನಿವಾರ ಹಳೆಯ ಯಂತ್ರವೊಂದನ್ನು ಅದೇ ಸ್ವಿಚ್‌ಗೆ ಹಾಕಿ, ಇನ್‌ಸ್ಟಾಲ್ ಮೆನು ಬರುವ ತನಕ ಬೂಟ್ ಮಾಡಿ ನಿಲ್ಲಿಸುತ್ತೇವೆ. ಲೊಕೇಶನ್ ಕೋಡ್‌ಗಳನ್ನು ಬರೆದು ರ‍್ಯಾಕ್ ಬಾಗಿಲಿಗೆ ಅಂಟಿಸಿದ್ದೇವೆ. ಕಳೆದ ಸಲ ಹೀಗೆ ನೋಡುವಾಗಲೇ ಇನ್ನೊಂದು ತೊಂದರೆ ಸಿಕ್ಕಿತು. ಸರ್ವರ್ ಅಪ್‌ಡೇಟ್ ಆಗಿತ್ತು, ಮಾಸ್ಟರ್‌ನ ಸ್ಪಾಟ್ (ನೆಟ್‌ವರ್ಕ್‌ನಿಂದ ಬೂಟ್ ಆಗುವ ಯಂತ್ರ ಬಳಸುವ ಎಐಎಕ್ಸ್ ಫೈಲ್‌ಗಳ ಗಂಟು) ಹಳೆಯದೇ ಉಳಿದಿತ್ತು. ಸ್ಪಾಟ್ ಯಾವತ್ತೂ ಇಮೇಜ್‌ಗಿಂತ ಹಳೆಯದಾಗಿರಬಾರದು. ಹುಡುಗ ಆ ಇಮೇಜ್‌ನಿಂದಲೇ ಹೊಸ ಸ್ಪಾಟ್ ಕಟ್ಟಿದ, ಮಧ್ಯಾಹ್ನದ ಊಟಕ್ಕೆ ಮುಂಚೆ ಮೆನು ಬಂತು.