ಆ ಸಾಲು ಬರೆದದ್ದು ನಾನು

ಅಕ್ಟೋಬರ್ ತಿಂಗಳ ಒಂದು ಮಧ್ಯಾಹ್ನ. ನಾಲ್ಕನೇ ವರ್ಷದ ಒಬ್ಬ ಮೆಡಿಕಲ್ ವಿದ್ಯಾರ್ಥಿನಿಗೆ ಮಾಕ್ ಇಂಟರ್‌ವ್ಯೂ ಮಾಡುತ್ತಿದ್ದೆ. ಇಂಟರ್ನಲ್ ಮೆಡಿಸಿನ್‌ಗೆ ಅರ್ಜಿ ಹಾಕಿದ್ದಳು. ಅವಳ ಪರ್ಸನಲ್ ಸ್ಟೇಟ್‌ಮೆಂಟ್‌ನಿಂದ, ಅಂದರೆ ಅರ್ಜಿಯ ಜೊತೆ ತನ್ನ ಬಗ್ಗೆ ಬರೆದುಕೊಡುವ ಬರಹದಿಂದ, ಒಂದು ಸಾಲು ಓದಿದೆ. ಉತ್ತರ ಸಿಗದ ಪ್ರಶ್ನೆಗಳೇ ನನ್ನ ಗುರುಗಳು ಅನ್ನೋ ಧಾಟಿಯ ಸಾಲು. "ಇದರ ಬಗ್ಗೆ ಸ್ವಲ್ಪ ಹೇಳಿ" ಅಂದೆ. ಅವಳು ಮೇಜು ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು.

"ಅದು ನೀವು ಹಾಕಿದ ಸಾಲು ಅಲ್ವಾ?"

ಹೌದು, ನನ್ನದೇ. ಬರೆದಾಗ ಖುಷಿಪಟ್ಟದ್ದೂ ನೆನಪಿದೆ.

ಅಮೆರಿಕದ ಒಂದು ಮೆಡಿಕಲ್ ಸ್ಕೂಲ್‌ನಲ್ಲಿ ವಿದ್ಯಾರ್ಥಿಗಳನ್ನು ರೆಸಿಡೆನ್ಸಿ, ಅಂದರೆ ಡಿಗ್ರಿ ಮುಗಿದ ಮೇಲೆ ಆಸ್ಪತ್ರೆಯಲ್ಲಿ ಪಡೆಯುವ ತರಬೇತಿಯ, ಅರ್ಜಿಗೆ ತಯಾರು ಮಾಡುವುದು ನನ್ನ ಕೆಲಸ. ಮೊದಲೆಲ್ಲ ಡಾಕ್ಟರ್ ಲೈಸೆನ್ಸ್‌ಗೆ ಬರೆಯುವ ಸ್ಟೆಪ್ 1 ಪರೀಕ್ಷೆಯ ಅಂಕ ನೋಡಿ ಮಾತು ಶುರುವಾಗುತ್ತಿತ್ತು. 2022ರ ಜನವರಿಯಿಂದ ಅದು ಬರೀ ಪಾಸ್ ಅಥವಾ ಫೇಲ್. ಅದರ ಮುಂದಿನ ಪರೀಕ್ಷೆ ಸ್ಟೆಪ್ 2 ಸಿಕೆಗೆ ಅಂಕ ಇದೆ, ನಿಜ. ಆದರೂ ಕೈಗೆ ಸಿಗುತ್ತಿದ್ದ ಒಂದು ಸಂಖ್ಯೆ ಹೋಯಿತು ಅನ್ನುವ ಗಾಬರಿ ವಿದ್ಯಾರ್ಥಿಗಳಿಗಿಂತ ನನಗೇ ಜಾಸ್ತಿಯಾಯಿತು. ಆ ಗಾಬರಿಯನ್ನೆಲ್ಲ ಅವರ ಬರಹದ ಮೇಲೆ ತೀರಿಸಿಕೊಂಡೆ. ತಿದ್ದಿದೆ, ಉಜ್ಜಿದೆ, ಹೊಳಪು ಕೊಟ್ಟೆ. ಎಲ್ಲರ ಬರಹವೂ ಚೆನ್ನಾಯಿತು. ಎಲ್ಲರದೂ ಒಂದೇ ಥರ ಆಯಿತು.

ಆ ಹುಡುಗಿಯ ಅರ್ಜಿ ಆಗಲೇ ಹೋಗಿಯಾಗಿತ್ತು. ಸೆಪ್ಟೆಂಬರ್ ಕೊನೆಯಲ್ಲೇ ರೆಸಿಡೆನ್ಸಿ ಪ್ರೋಗ್ರಾಂಗಳು ಅರ್ಜಿ ತೆರೆದು ಓದಲು ಶುರುಮಾಡುತ್ತವೆ. ಇನ್ನು ಉಳಿದದ್ದು ಒಂದೇ ದಾರಿ. "ನಾನು ಆ ಸಾಲು ಹಾಕುವ ಮೊದಲು ಅಲ್ಲಿ ನೀನು ಏನು ಬರೆದಿದ್ದೆ?" ಅಂತ ಕೇಳಿದೆ. ಆಗ ಹೇಳಿದಳು. ವಾರ್ಡ್‌ನಲ್ಲಿ ಒಬ್ಬ ರೋಗಿಗೆ ಜ್ವರ ಬಿಡುತ್ತಲೇ ಇರಲಿಲ್ಲವಂತೆ. ಯಾಕೆ ಅಂತ ಯಾರಿಗೂ ತಿಳಿದಿರಲಿಲ್ಲ. ಪ್ರತಿ ಬೆಳಿಗ್ಗೆ ಇವಳು ಹೋಗಿ "ಇನ್ನೂ ಗೊತ್ತಾಗಿಲ್ಲ" ಅಂತ ಹೇಳಬೇಕಿತ್ತು. ಒಂದು ದಿನ ಹೇಳಲು ನಾಚಿಕೆಯಾಗಿ ಬಾಗಿಲ ಹೊರಗೇ ನಿಂತುಬಿಟ್ಟಳಂತೆ. ರೋಗಿಯೇ ಒಳಗಿಂದ ಕರೆದನಂತೆ, "ಬಾ, ಗೊತ್ತಾಗಿಲ್ಲ ಅಂತ ಹೇಳಿ ಹೋಗು" ಅಂತ.

ಇಷ್ಟು ಒಳ್ಳೆಯ ಕಥೆಯನ್ನು ತೆಗೆದು ನಾನು ಗುರುವಿನ ಮಾತು ತುರುಕಿದ್ದೆ! ಇಂಟರ್‌ವ್ಯೂನಲ್ಲಿ ಅದನ್ನೇ ಹೇಳು ಅಂದೆ.

ಅಲ್ಲಿಂದ ನನ್ನ ಪದ್ಧತಿ ಬದಲಾಯಿತು. ಈಗ ಯಾರಾದರೂ ಡ್ರಾಫ್ಟ್ ತಂದರೆ ಮಗುಚಿ ಇಡುತ್ತೇನೆ. ಮೊದಲು ಮಾತು. ಇರಾಸ್ ಅನ್ನುವ ಆನ್‌ಲೈನ್ ರೆಸಿಡೆನ್ಸಿ ಅರ್ಜಿಯಲ್ಲಿ ಹತ್ತು ಅನುಭವಗಳನ್ನು ಹಾಕಬಹುದು, ಅದರಲ್ಲಿ ಮೂರನ್ನು ತುಂಬಾ ಮುಖ್ಯವಾದವು ಅಂತ ಗುರುತಿಸಬಹುದು. ಆ ಮೂರರ ವಿಷಯದಲ್ಲೇ ಹೆಚ್ಚು ಜನ ಎಡವುತ್ತಾರೆ. ದೊಡ್ಡದಾಗಿ ಕಾಣುವುದನ್ನು ಆರಿಸುತ್ತಾರೆ. ಹೆಸರು ಮಾತ್ರ ಸೇರಿದ ಸಂಶೋಧನಾ ಲೇಖನ, ಎರಡು ಸಭೆಗೆ ಹೋದ ಸಂಘ, ಹೀಗೆ. "ಇದರ ಬಗ್ಗೆ ನಿಲ್ಲಿಸದೆ ಐದು ನಿಮಿಷ ಹೇಳಿ" ಅನ್ನುತ್ತೇನೆ. ಎರಡನೇ ನಿಮಿಷಕ್ಕೆ ಮಾತು ಖಾಲಿಯಾದರೆ ಅದು ಮೂರರಲ್ಲಿ ಬೇಡ. ಒಬ್ಬ ಹುಡುಗ ಓದಿನ ನಡುವೆ ರಾತ್ರಿ ಪಾಳಿಯಲ್ಲಿ ಗೋದಾಮಿನಲ್ಲಿ ದುಡಿದಿದ್ದ. ಅದನ್ನು ಬರೆದೇ ಇರಲಿಲ್ಲ, ಡಾಕ್ಟರಿಕೆಗೂ ಅದಕ್ಕೂ ಏನು ಸಂಬಂಧ ಅಂತ. ಮಾತಿಗೆ ಕೂತರೆ ಅರ್ಧ ಗಂಟೆ ಆ ಗೋದಾಮಿನ ಬಗ್ಗೆಯೇ ಹೇಳಿದ.

ಶಿಫಾರಸು ಪತ್ರದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಒಂದು ಪ್ರೋಗ್ರಾಂಗೆ ಹೆಚ್ಚೆಂದರೆ ನಾಲ್ಕು ಪತ್ರ ಕಳಿಸಬಹುದು. ಓದುವ ಹಕ್ಕನ್ನು ಸಾಮಾನ್ಯವಾಗಿ ವಿದ್ಯಾರ್ಥಿಗಳು ಬಿಟ್ಟುಕೊಡುತ್ತಾರೆ, ಹಾಗಾಗಿ ಒಳಗೇನಿದೆ ಅಂತ ಅವರಿಗೆ ತಿಳಿಯುವುದಿಲ್ಲ. ಆದ್ದರಿಂದ ಕೇಳುವಾಗಲೇ "ನನ್ನ ಬಗ್ಗೆ ಗಟ್ಟಿಯಾದ ಪತ್ರ ಬರೆಯಲು ಆಗುತ್ತಾ?" ಅಂತ ನೇರವಾಗಿ ಕೇಳಬೇಕು. ಎದುರಿನವರು ತಡವರಿಸಿದರೆ ಥ್ಯಾಂಕ್ಸ್ ಹೇಳಿ ಎದ್ದು ಬರಬೇಕು, ಅವರು ವಿಭಾಗದ ಮುಖ್ಯಸ್ಥರೇ ಆಗಿರಲಿ.

ಫೆಬ್ರವರಿಯಲ್ಲಿ ಇದೇ ರೋಗ ಬೇರೆ ರೂಪದಲ್ಲಿ ಬರುತ್ತದೆ. ರ‍್ಯಾಂಕ್ ಲಿಸ್ಟ್ ಮಾಡುವ ಸಮಯ, ಅಂದರೆ ಪ್ರೋಗ್ರಾಂಗಳನ್ನು ಇಷ್ಟದ ಕ್ರಮದಲ್ಲಿ ಬರೆದುಕೊಡುವ ಸಮಯ. "ನನಗೆ ಇಷ್ಟವಾದ ಜಾಗ ಸಿಗಲ್ಲ ಅನ್ಸುತ್ತೆ, ಸಿಗುವುದನ್ನೇ ಮೊದಲು ಹಾಕ್ಲಾ?" ಇದನ್ನು ಕೇಳದ ವರ್ಷವೇ ಇಲ್ಲ. ಬೇಡ. ವಿದ್ಯಾರ್ಥಿಗಳ ಮತ್ತು ಪ್ರೋಗ್ರಾಂಗಳ ಪಟ್ಟಿ ಹೊಂದಿಸಿ ಯಾರಿಗೆ ಯಾವ ಜಾಗ ಅಂತ ನಿರ್ಧರಿಸುವುದಕ್ಕೆ ಮ್ಯಾಚ್ ಅನ್ನುತ್ತಾರೆ. ಅದರ ಲೆಕ್ಕಾಚಾರ ಶುರುವಾಗುವುದು ವಿದ್ಯಾರ್ಥಿಯ ಪಟ್ಟಿಯಿಂದ. ಮೊದಲ ಜಾಗ ಸಿಗದಿದ್ದರೆ ಎರಡನೆಯದನ್ನು ನೋಡುತ್ತದೆ, ಅದೂ ಮೊದಲನೆಯದೇ ಆಗಿತ್ತು ಎಂಬಂತೆ. ಆಸೆಪಟ್ಟ ಜಾಗವನ್ನು ಮೇಲೆ ಹಾಕಿದ್ದಕ್ಕೆ ಕೆಳಗಿನದು ಕೈತಪ್ಪುವುದಿಲ್ಲ. ಈ ಲೆಕ್ಕಾಚಾರವನ್ನು 1990ರ ದಶಕದ ಕೊನೆಯಲ್ಲಿ ಈ ರೂಪಕ್ಕೆ ತಂದವರಲ್ಲಿ ಆಲ್ವಿನ್ ರಾತ್ ಒಬ್ಬರು. 2012ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ನೊಬೆಲ್ ಮಾತು ಎತ್ತಿದ ಮೇಲೆ ವಿದ್ಯಾರ್ಥಿಗಳು ಸ್ವಲ್ಪ ನಂಬುತ್ತಾರೆ, ನನ್ನ ಮಾತಿಗೆ ಅಷ್ಟು ಬೆಲೆ ಇಲ್ಲ.

ಆ ಗೋದಾಮಿನ ಹುಡುಗ ಮೂರು ದಿನ ಬಿಟ್ಟು ಹೊಸ ಡ್ರಾಫ್ಟ್ ತಂದ. ಕಾಗುಣಿತದ ತಪ್ಪು ಎರಡಿದ್ದವು, ಗುರುತು ಹಾಕಿದೆ. ಎರಡನೇ ಪ್ಯಾರಾದಲ್ಲಿ ಒಂದು ವಾಕ್ಯ ಸ್ವಲ್ಪ ಸೊಟ್ಟಗಿತ್ತು. ನನ್ನ ಹತ್ತಿರ ಅದಕ್ಕಿಂತ ಚಂದದ ವಾಕ್ಯ ಇತ್ತು, ಕೈ ತುರಿಸಿತು. "ಇದನ್ನು ಒಮ್ಮೆ ಜೋರಾಗಿ ಓದಿ" ಅಂದೆ. ಓದಿದ. ಅವನ ಬಾಯಲ್ಲಿ ಸೊಟ್ಟ ಅನಿಸಲೇ ಇಲ್ಲ. ಪೆನ್ನು ಮುಚ್ಚಿ ಹಾಗೇ ವಾಪಸ್ ಕೊಟ್ಟೆ.