ಬಣವಿ ಒಟ್ಟದ ಮಳೆಗಾಲ

"ಮ್ಯಾಲೆ ಇಲಿಗಿಲಿ ಏನರ ಸತ್ತೈತೇನವಾ?"

ಕೆಳಗಿನ ಮನೆಯ ಬಾಯಾರು ಮೆಟ್ಟಿಲ ಬುಡದಲ್ಲಿ ನಿಂತು ಕೇಳಿದಾಗ ನನ್ನ ಕೈ ತುಂಬ ರೊಟ್ಟಿ ಹಿಟ್ಟು. ಇಲ್ರೀ ಬಾಯಾರ, ಏನೂ ಇಲ್ಲ ಅಂದೆ. ಇಲಿ ಸತ್ತಿರಲಿಲ್ಲ, ಅದು ನಿಜ. ಆದರೆ ವಾಸನೆ ನಮ್ಮದೇ. ಬಾಲ್ಕನಿಯ ಮೂಲೆಯಲ್ಲಿ ಒಂದರ ಮೇಲೊಂದು ಕೂತಿದ್ದ, ಅಡುಗೆಮನೆ ಕಸದಿಂದ ಗೊಬ್ಬರ ಮಾಡುವ ಮೂರು ಮಣ್ಣಿನ ಗಡಿಗೆಗಳದ್ದು. ಅವರು ಮನೆಯ ಮಾಲಕಿ, ನಾವು ಬಾಡಿಗೆಯವರು. ನಾಗರ ಪಂಚಮಿಗೆ ನಾಲ್ಕೇ ದಿನ. ಮರುದಿನ ಊರಿಂದ ಅತ್ತೆ ಬರುವವರಿದ್ದರು. ಹುಬ್ಬಳ್ಳಿಯಲ್ಲಿರುವ ನಾದಿನಿ ಈ ಸಲ ತವರು ಅಂತ ಧಾರವಾಡಕ್ಕೆ, ನಮ್ಮ ಮನೆಗೇ ಬರುವುದು ಎಂದಾಗಿತ್ತು.

ಈ ಗಡಿಗೆ ಸಹವಾಸ ಶುರುವಾದದ್ದು ಫೆಬ್ರುವರಿಯಲ್ಲಿ. ಒಂದು ಬೆಳಿಗ್ಗೆ ಕಸದ ಗಾಡಿಗೆ ಚೀಲ ಕೊಟ್ಟು ತಿರುಗಿದವಳು ಸುಮ್ನೆ ಹಿಂದೆ ನೋಡಿದೆ. ಗಾಡಿಯ ಹೆಣ್ಣುಮಗಳು ನಾನು ಗಂಟು ಹಾಕಿ ಕೊಟ್ಟ ಚೀಲ ಹರಿದು, ಮೆಂತೆ ಕಡ್ಡಿ, ಚಹಾದ ಚರಟ, ಹಾಲಿನ ಪಾಕೀಟು ಎಲ್ಲವನ್ನೂ ಬರಿಗೈಯಲ್ಲಿ ಬೇರೆ ಮಾಡುತ್ತಿದ್ದರು. ಹಸಿ ಕಸ, ಒಣ ಕಸ, ಅಪಾಯದ ಕಸ ಮೂರನ್ನೂ ಮನೆಯಲ್ಲೇ ಬೇರೆ ಮಾಡಿ ಕೊಡಬೇಕು ಅಂತ 2016ರಲ್ಲೇ ನಿಯಮ ಬಂದಿತ್ತು. ನನಗೆ ಗೊತ್ತೂ ಇತ್ತು. ಗೊತ್ತಿದ್ದೂ ಗಂಟು ಹಾಕುತ್ತಿದ್ದೆ. ಗಂಟು ಹಾಕಿದರೆ ಒಳಗಿನದು ಕಾಣೋದಿಲ್ಲ, ಅಲ್ವಾ?

ಅವತ್ತೇ ಎರಡು ಬಕೆಟ್ ಇಟ್ಟೆ. ಒಂದು ವಾರ ಹಸಿ ಕಸ ತೂಗಿಯೂ ನೋಡಿದೆ, ತೂಗುವ ಹುಚ್ಚು ನನಗೆ ಮೊದಲಿಂದಲೂ ಇದೆ. ಮೂರು ಜನರ ಮನೆಯಲ್ಲಿ ದಿನಕ್ಕೆ ಸುಮಾರು ಮುಕ್ಕಾಲು ಕಿಲೋ. ಇದು ಊರ ಹೊರಗಿನ ರಾಶಿಯ ಅಡಿಗೆ ಸಿಕ್ಕಿ ಗಾಳಿ ಇಲ್ಲದೆ ಕೊಳೆತರೆ ಮೀಥೇನ್ ಹುಟ್ಟುತ್ತದೆ. ಭೂಮಿಯನ್ನು ಕಾಯಿಸುವುದರಲ್ಲಿ ಅದು ಇಂಗಾಲದ ಡೈಆಕ್ಸೈಡ್‌ಗಿಂತ 25 ಪಟ್ಟಿಗೂ ಜಾಸ್ತಿ ಜೋರು. ಮನೆಯಲ್ಲೇ ಗೊಬ್ಬರ ಮಾಡಿದರಾಯ್ತು ಅಂತ ಗಡಿಗೆ ತಂದೆ.

ಮೊದಲ ಮೂರು ತಿಂಗಳು ಹಬ್ಬ. ಶಿವರಾತ್ರಿಯ ಆಚೀಚೆ ಧಾರವಾಡದಲ್ಲಿ ಒಣ ಎಲೆಗೇನು ಬರ? ಕರ್ನಾಟಕ ವಿಶ್ವವಿದ್ಯಾಲಯದ ಕಡೆ ಸಂಜೆ ಅಡ್ಡಾಡಲು ಹೋದರೆ ರಸ್ತೆಯ ಎರಡೂ ಬದಿಗೆ ಎಲೆ. ಬರುವಾಗ ಒಂದು ಕೈಚೀಲ ತುಂಬಿಕೊಂಡು ಬರುತ್ತಿದ್ದೆ. ಒಂದು ಬೊಗಸೆ ಹಸಿ ಕಸ ಹಾಕಿದರೆ ಮೇಲೆ ಒಂದೋ ಎರಡೋ ಬೊಗಸೆ ಒಣ ಎಲೆ. ಹಸಿ ಕಸದಲ್ಲಿ ಸಾರಜನಕ ಜಾಸ್ತಿ, ಒಣ ಎಲೆಯಲ್ಲಿ ಇಂಗಾಲ ಜಾಸ್ತಿ. ಗೊಬ್ಬರ ಮಾಡುವ ಸೂಕ್ಷ್ಮಜೀವಿಗಳಿಗೆ 1 ಪಾಲು ಸಾರಜನಕಕ್ಕೆ ಸುಮಾರು 30 ಪಾಲು ಇಂಗಾಲ ಇದ್ದರೆ ಊಟ ಸರಿಹೋಗುತ್ತದೆ. ಎಲೆ ನೀರು ಹೀರುತ್ತದೆ, ನಡುವೆ ಗಾಳಿಗೆ ಜಾಗ ಬಿಡುತ್ತದೆ. ಮೇ ತಿಂಗಳಲ್ಲಿ ಕೆಳಗಿನ ಗಡಿಗೆಯಿಂದ ಮೊದಲ ಗೊಬ್ಬರ ತೆಗೆದೆ. ಕಪ್ಪಗೆ, ಉದುರುದುರು. ಆಫೀಸಿಗೆ ಒಂದು ಡಬ್ಬಿಯಲ್ಲಿ ಒಯ್ದು ತೋರಿಸಿದ್ದೆ. ಈಗ ನೆನೆಸಿಕೊಂಡರೆ ನಾಚಿಕೆ.

ಜೂನ್‌ನಲ್ಲಿ ಮಳೆ ಹಿಡಿಯಿತು. ಧಾರವಾಡದ ಮಳೆ ಗೊತ್ತಲ್ಲ, ಬಂದು ಸುರಿದು ಹೋಗುವ ಪೈಕಿ ಅಲ್ಲ, ಜಿಟಿಜಿಟಿ ಅಂತ ದಿನಗಟ್ಟಲೆ ಕೂರುತ್ತದೆ. ಕೈಚೀಲದ ಎಲೆ ಎರಡು ವಾರದಲ್ಲಿ ಮುಗಿಯಿತು. ರಸ್ತೆಯ ಎಲೆ ರಸ್ತೆಗೇ ಅಂಟಿ ರಾಡಿಯಾಗಿತ್ತು. ಆದರೆ ಕಾಯಿಪಲ್ಲೆ ಸಿಪ್ಪೆ ನಿಲ್ಲುತ್ತದೆಯೇ? ಹಾಕುತ್ತಲೇ ಹೋದೆ. ಜುಲೈ ಮುಗಿಯುವ ಹೊತ್ತಿಗೆ ಗಡಿಗೆಯ ಕೆಳಗೆ ಕಂದು ನೀರು ಸೋರತೊಡಗಿತು. ಮುಚ್ಚಳ ತೆಗೆದರೆ ಬಿಳಿ ಹುಳಗಳ ಜಾತ್ರೆ. ಅವು ಕಪ್ಪು ಸೈನಿಕ ನೊಣದ ಮರಿಗಳು, ಕಚ್ಚುವುದಿಲ್ಲ, ಕಸವನ್ನು ಬೇಗ ತಿಂದು ಮುಗಿಸುತ್ತವೆ. ಇದನ್ನು ಮಗನಿಗೆ ಎರಡು ಸಲ ವಿವರಿಸಿದೆ. ಅವನು ಬಾಲ್ಕನಿ ಬಾಗಿಲಿಗೆ ಚಿಲಕ ಹಾಕಿದ.

ಬಾಯಾರು ಇಲಿ ಕೇಳಿದ ಸಂಜೆ ಹಳೆಯ ಪೇಪರ್ ಹಾಕಿದೆ. ಇಡೀ ಹಾಳೆ ಹಾಕಿದ್ದೇ ತಪ್ಪು, ಬೆಳಿಗ್ಗೆ ನೋಡಿದರೆ ಒದ್ದೆ ಹಪ್ಪಳದಂತೆ ಕಸಕ್ಕೆ ಅಂಟಿ ಇದ್ದಬದ್ದ ಗಾಳಿಯನ್ನೂ ಕಟ್ಟಿಹಾಕಿತ್ತು. ಚೂರು ಚೂರು ಹರಿದು ಹಾಕಬೇಕಂತೆ. ಆಮೇಲೆ ಕಟ್ಟಿಗೆ ಅಡ್ಡೆಗೆ ಹೋದೆ. ಕಟ್ಟಿಗೆ ಹೊಟ್ಟು ಕೊಟ್ಟರು, ಆದರೆ ಅದರಲ್ಲಿ ಪ್ಲೈವುಡ್ ಕೊಯ್ದ ಹುಡಿಯೇ ಜಾಸ್ತಿ. ಪ್ಲೈವುಡ್‌ಗೆ ಅಂಟು ಹಾಕಿರುತ್ತಾರೆ, ಅದು ಗೊಬ್ಬರಕ್ಕೆ ಬೇಡ. ಬರಿಗೈಯಲ್ಲಿ ಬಂದೆ.

ಅತ್ತೆಯ ಊರು ನವಲಗುಂದದ ಆಚೆ. ಹುಬ್ಬಳ್ಳಿಗೆ ಬಂದು, ಧಾರವಾಡದ ಚಿಗರಿ ಬಸ್ಸು ಹತ್ತಿ ಜುಬಿಲಿ ಸರ್ಕಲ್‌ನಲ್ಲಿ ಇಳಿದಿದ್ದರು. ಜೊತೆಗೆ ಅರ್ಧ ಚೀಲ ಶೇಂಗಾ. ಚಿಗರಿಗೆ ಮೆಟ್ಟಿಲು ಹತ್ತುವ ಕೆಲಸ ಇಲ್ಲ, ಕಟ್ಟೆಯಿಂದ ಸೀದಾ ಒಳಗೆ, ಅದಕ್ಕೇ ಚೀಲ ತಂದೆ ಅಂದರು. ಪಂಚಮಿಗೆ ಶೇಂಗಾ ಉಂಡಿ, ಎಳ್ಳುಂಡಿ, ಅಳ್ಳು ಇಲ್ಲದಿದ್ದರೆ ಹೇಗೆ? ಅಂಗಡಿಯ ಸುಲಿದ ಶೇಂಗಾ ಅವರಿಗೆ ಆಗೋದಿಲ್ಲ.

ಮನೆ ಹೊಕ್ಕವರೇ ಮೂಗು ಮುಚ್ಚಿದರು. ಚಿಲಕ ತೆಗೆದು ಸೀದಾ ಗಡಿಗೆ ಹತ್ತಿರ ಹೋದರು.

"ಮನೀ ಒಳಗ ತಿಪ್ಪಿ ಇಟ್ಕೊಂಡು ಕುಂತೀಯಲ್ಲಬೇ!"

ಮೀಥೇನ್ ಅಂತ ಶುರು ಮಾಡಿದೆ. ಅವರು ಕೇಳಿಸಿಕೊಳ್ಳಲಿಲ್ಲ.

"ಬರೇ ಹಸೀದ ತುರುಕೀದಿ. ಒಣಾದ್ದ ಎಲ್ಲೈತಿ?"

"ಮಳಿ ಹಿಡದ ಮ್ಯಾಲ ಒಣಾ ಎಲಿ ಎಲ್ಲಿಂದ ತರ್ಲಿ ಅತ್ತೀ?"

"ಮಳಿ ಹಿಡದ ಮ್ಯಾಲ ಯಾರರ ಕಣಿಕಿ ಹುಡುಕ್ತಾರೇನ? ಬಣವಿ ಯಾವಾಗ ಒಟ್ತಾರ?"

ಉತ್ತರ ನನಗೂ ಗೊತ್ತು. ಕಣಿಕಿ ಅಂದರೆ ಜೋಳದ ಒಣ ದಂಟು, ಅದರ ಬಣವಿ ಒಟ್ಟುವುದು ಸುಗ್ಗಿ ಮುಗಿದ ಮೇಲೆ, ಮಳೆಗೆ ಮುಂಚೆ. ಬೇಸಿಗೆಯಲ್ಲಿ ನಾನು ಹಪ್ಪಳ, ಸಂಡಿಗೆ, ಮೆಣಸಿನಕಾಯಿ ಎಲ್ಲ ಒಣಗಿಸಿ ಡಬ್ಬಿ ತುಂಬಿಸಿದ್ದೆ. ಎಲೆಯನ್ನು ಮಾತ್ರ ದಿನದಿನದ ಹಾಲಿನಂತೆ ತರುತ್ತಿದ್ದೆ.

ಊರಿನವರಿಗೆ ಎಲ್ಲ ಗೊತ್ತು ಅನ್ನುವ ಮಾತಲ್ಲ ಇದು. ಅತ್ತೆಯೇ ಹೇಳಿದರು, ಈಗ ಅವರ ತಿಪ್ಪೆಯಲ್ಲೂ ಶಾಂಪೂ ಪಾಕೀಟು, ಗುಟ್ಕಾ ಚೀಟಿ, ಪ್ಲಾಸ್ಟಿಕ್ ಚೀಲ. ಗೊಬ್ಬರ ಹೊಲಕ್ಕೆ ಹೇರಿದರೆ ಕುಂಟೆ ಹೊಡೆಯುವಾಗ ಎಲ್ಲ ಎದ್ದು ಬರುತ್ತವಂತೆ. ಆರಿಸುವ ಕೆಲಸಕ್ಕೆ ಅಲ್ಲೂ ಹೆಣ್ಣಾಳುಗಳೇ.

ಮಧ್ಯಾಹ್ನ ಶೇಂಗಾ ಸುಲಿಯಲು ಕೂತೆವು. ನಾನು, ಅತ್ತೆ, ಶಾಲೆಯಿಂದ ಬಂದ ಮೇಲೆ ಮಗ. ಎರಡು ತಾಸಿಗೆ ಕಾಳು ಒಂದು ಬುಟ್ಟಿ, ಸಿಪ್ಪೆ ಮೂರು ಬುಟ್ಟಿ. ನಾನು ಸಿಪ್ಪೆ ನೋಡಿದೆ, ಅತ್ತೆ ನನ್ನನ್ನು ನೋಡಿದರು. ಅವರೇ ಸಿಪ್ಪೆಯನ್ನು ಖಾಲಿ ಚೀಲಕ್ಕೆ ತುಂಬಿ ಮೇಲೆ ನಿಂತು ತುಳಿದರು. ಇಡಿಯಾಗಿ ಹಾಕಿದರೆ ಕೊಳೆಯಲು ತಿಂಗಳುಗಟ್ಟಲೆ ಬೇಕು, ಮುರಿದರೆ ಬೇಗ. ಮಗ ಕುಣಿಯುವ ಅವಕಾಶ ಬಿಡುತ್ತಾನೆಯೇ, ಅವನೂ ಹತ್ತಿದ.

ಆಮೇಲಿನ ಅರ್ಧ ತಾಸು ವಿವರಿಸುವುದಿಲ್ಲ. ಮೂಗಿಗೆ ಬಟ್ಟೆ ಕಟ್ಟಿಕೊಂಡು ಮೂರೂ ಗಡಿಗೆ ಸುರುವಿದೆ, ಪೇಪರ್ ಎಳೆದು ಹರಿದೆ, ಸಿಪ್ಪೆ ಕಲಸಿದೆ, ಹುಳಿ ಮಜ್ಜಿಗೆ ಚಿಮುಕಿಸಿದೆ, ತಿರುಗಿ ತುಂಬಿದೆ. ಅತ್ತೆ ಬಾಗಿಲಲ್ಲಿ ನಿಂತು ಅಪ್ಪಣೆ ಕೊಟ್ಟರು. ಅಡುಗೆ ಮಾಡುವ ಕೈಯಲ್ಲಿ ಅದನ್ನು ಮುಟ್ಟಲಾರೆ ಅಂದರು. ಉಂಡಿ ಕಟ್ಟುವ ಕೆಲಸ ಹಾಗಾಗಿ ಅವರಿಗೇ ಹೋಯಿತು, ನನಗೆ ಅದರಲ್ಲಿ ಬೇಜಾರೇನಿಲ್ಲ.

ಮರುದಿನಕ್ಕೆ ವಾಸನೆ ಅರ್ಧ ಇಳಿಯಿತು. ಸಿಪ್ಪೆ ನೀರು ಕುಡಿದು, ಸಂದಿಯಲ್ಲಿ ಗಾಳಿ ಆಡತೊಡಗಿದರೆ ನಾರುವ ಜೀವಿಗಳ ಆಟ ಮುಗಿಯುತ್ತದೆ. ಪಂಚಮಿ ದಿನ ಬಾಲ್ಕನಿ ಬಾಗಿಲು ತೆರೆದೇ ಇತ್ತು. ನಾದಿನಿ ಅಲ್ಲೇ ಕೂತು ಚಹಾ ಕುಡಿದಳು, ಗಡಿಗೆಯಲ್ಲಿ ಏನಿದೆ ಅಂತ ಕೇಳಲಿಲ್ಲ. ಹುಳ ಇನ್ನೂ ಇದ್ದವು, ನಾನೂ ಹೇಳಲಿಲ್ಲ. ಬಾಯಾರಿಗೆ ಉಂಡಿ ಕೊಡಲು ಕೆಳಗೆ ಹೋದೆ.

"ಇಲಿ ಸಿಕ್ತೇನವಾ?"

"ಸಿಕ್ತ್ರೀ ಬಾಯಾರ."

ಹೊರಡುವ ದಿನ ಅತ್ತೆ ಚೀಲ ಕೇಳಿದರು. ಉಳಿದ ಸಿಪ್ಪೆ ಅದರಲ್ಲೇ ಇತ್ತು. "ಚೀಲಾ ಇನ್ನೂ ಹರದಿಲ್ಲ, ತಿರುಗಿ ಕೊಡು" ಅಂದರು. ಸಿಪ್ಪೆಯನ್ನು ಟಿವಿ ಬಂದಿದ್ದ ರಟ್ಟಿನ ಡಬ್ಬಿಗೆ ಸುರಿದು ಮಂಚದ ಕೆಳಗೆ ತಳ್ಳಿದೆ. ದಸರೆವರೆಗೆ ಸಾಲುತ್ತದೆ.

ಮುಂದಿನ ಮಳೆಗಾಲಕ್ಕೆ ಲೆಕ್ಕ ಹಾಕಿದ್ದೇನೆ. ಒತ್ತಿ ತುಂಬಿದ ನಾಲ್ಕು ಗೋಣಿಚೀಲ ಎಲೆ ಬೇಕು. ಶಿವರಾತ್ರಿಗೇ ತುಂಬಬೇಕು. ಎಲ್ಲಿ ಇಡ್ತೀ ಅಂತ ಇವರು ಕೇಳಿದರು. ಕೆಳಗೆ ಮೆಟ್ಟಿಲ ಅಡಿಯ ಜಾಗ ಖಾಲಿ ಇದೆ, ಮಳೆಯೂ ಬೀಳುವುದಿಲ್ಲ. ಬಾಯಾರನ್ನು ಇನ್ನೂ ಕೇಳಿಲ್ಲ. ಇಲಿ ಆಗ್ತಾವ ಅಂದರೆ ಈ ಸಲ ಏನು ಹೇಳುವುದು ಅಂತ ಯೋಚಿಸುತ್ತಿದ್ದೇನೆ.