ನಾರ್ವೆಯ ಸಾಮಿಗಳೆಲ್ಲ ಸೇರಿ ಒಂದೇ ಪಕ್ಷ ಯಾಕೆ ಕಟ್ಟಲ್ಲ?

ನಾರ್ವೆಯಿಂದ ಊರಿಗೆ ಬಂದಾಗಲೆಲ್ಲ ಜನ ಮೊದಲು ಕೇಳೋದು ಚಳಿಯ ಬಗ್ಗೆ. ಅಲ್ಲಿನ ಮೂಲನಿವಾಸಿ ಸಾಮಿಗಳ ಕುರಿತು ನಾನು ಬರೆಯಲು ಶುರುಮಾಡಿದ ಮೇಲೆ ಇನ್ನೊಂದು ಪ್ರಶ್ನೆ ಸೇರಿಕೊಂಡಿದೆ: "ಇರೋದೇ ಹಿಡಿಯಷ್ಟು ಜನ, ಅದರಲ್ಲೂ ಇಷ್ಟೊಂದು ಪುಟ್ಟ ಪಕ್ಷಗಳು ಯಾಕೆ? ಒಂದಾದರೆ ಬಲ ಜಾಸ್ತಿ ಅಲ್ವಾ?"

ಸಾಮಿಗಳು ದೊಡ್ಡ ಪಕ್ಷದ ಜೊತೆ ಸೇರಿ ನೋಡಿದ್ದೂ ಆಗಿದೆ. 1906ರಲ್ಲಿ ಈಸಾಕ್ ಸಾಬಾ ಎಂಬ ಸಾಮಿ ಮೇಷ್ಟ್ರು ಲೇಬರ್ ಪಕ್ಷದಿಂದ ನಾರ್ವೆ ಸಂಸತ್ತಿಗೆ ಗೆದ್ದರು. ಅಲ್ಲಿ ಕೂತ ಮೊದಲ ಸಾಮಿ ಅವರೇ. ಅವರು ಇದ್ದಾಗಲೂ, ಹೋದ ಮೇಲೂ ಶಾಲೆಗಳಲ್ಲಿ ಮಕ್ಕಳ ಬಾಯಿಂದ ಸಾಮಿ ಭಾಷೆ ಬಿಡಿಸುವ ಕೆಲಸ ನಿಲ್ಲಲಿಲ್ಲ. 1979ರಲ್ಲಿ ಆಲ್ತಾ ನದಿಯ ಅಣೆಕಟ್ಟು ಬೇಡವೆಂದು ಸಾಮಿ ಯುವಕರು ಓಸ್ಲೋದಲ್ಲಿ ಸಂಸತ್ತಿನ ಎದುರೇ ಡೇರೆ ಹಾಕಿ ಉಪವಾಸ ಕೂತರು. ಅಣೆಕಟ್ಟೇನೋ ಎದ್ದಿತು. ಆದರೆ ಆ ಗಲಾಟೆಯ ಫಲವಾಗಿ 1989ರಲ್ಲಿ ಉತ್ತರದ ಕರಾಸ್ಯೋಕ್ ಊರಿನಲ್ಲಿ ಸಾಮಿಗಳದ್ದೇ ಪಾರ್ಲಿಮೆಂಟ್ ಶುರುವಾಯಿತು. ಈಗ ಅಲ್ಲಿ 39 ಸೀಟು.

ಆ 39ರಲ್ಲಿ ಒಂದೋ ಎರಡೋ ಸೀಟು ಗೆಲ್ಲುವ ಗುಂಪು ಒಂದಿದೆ. ಹೆಸರು ಓರ್ಯೆಲ್ ಸಾಯೆಮಿಯ್ ಗಿಯೆಲ್, ಅಂದರೆ ದಕ್ಷಿಣ ಸಾಮಿಗಳ ದನಿ. ದಕ್ಷಿಣ ಸಾಮಿ ಮಾತಾಡುವವರು ಒಂದು ಸಾವಿರವೂ ಇಲ್ಲ. ಉತ್ತರ ಸಾಮಿಯವರಿಗೆ ಅವರ ಮಾತು ಅರ್ಥವಾಗೋದಿಲ್ಲ. ಕನ್ನಡದವರೂ ತುಳುವರೂ ಎದುರುಬದುರು ಕೂತ ಹಾಗೆ ಅಂದುಕೊಳ್ಳಿ. ಮಧ್ಯ ನಾರ್ವೆಯ ಫೋಸೆನ್‌ನಲ್ಲಿ ವಿದ್ಯುತ್ ತಯಾರಿಸುವ ಗಾಳಿಯಂತ್ರಗಳು ಎದ್ದಿದ್ದು ಇದೇ ದಕ್ಷಿಣದವರ ಹಿಮಸಾರಂಗಗಳು ಚಳಿಗಾಲದಲ್ಲಿ ಮೇಯುವ ಜಾಗದಲ್ಲಿ. 151 ಯಂತ್ರ. ಆ ಪರವಾನಗಿ ಸಿಂಧುವಲ್ಲ ಎಂದು 2021ರ ಅಕ್ಟೋಬರ್ 11ರಂದು ಸುಪ್ರೀಂ ಕೋರ್ಟ್‌ನ 11 ನ್ಯಾಯಾಧೀಶರೂ ಒಮ್ಮತದಿಂದ ಹೇಳಿದರು. 500 ದಿನ ಕಳೆದರೂ ರೆಕ್ಕೆಗಳು ತಿರುಗುತ್ತಲೇ ಇದ್ದವು. 2023ರ ಫೆಬ್ರವರಿಯಲ್ಲಿ ಯುವಕ ಯುವತಿಯರು ಇಂಧನ ಸಚಿವಾಲಯದೊಳಗೇ ಹೋಗಿ ಕೂತ ಮೇಲೆ ಸರ್ಕಾರ ಕ್ಷಮೆ ಕೇಳಿತು. ಯಂತ್ರಗಳು ಇವತ್ತಿಗೂ ಅಲ್ಲೇ ಇವೆ.

ಇಂಥ ಊರಿನವರಿಗೆ "ನಿಮ್ಮ ಪರವಾಗಿ ಉತ್ತರದವರೇ ಮಾತಾಡ್ತಾರೆ, ಸುಮ್ನಿರಿ" ಅನ್ನೋಕೆ ನನಗಂತೂ ಬಾಯಿ ಬರೋದಿಲ್ಲ. ಚುನಾವಣೆಗೆ ಹಿಮಸಾರಂಗ ಮೇಯಿಸುವವರದ್ದೇ ಬೇರೆ ಗುಂಪು ನಿಲ್ಲುತ್ತದೆ. ಕರಾವಳಿಯಲ್ಲಿ ಮೀನು ಹಿಡಿಯುವ ಸಾಮಿಗೆ ಅವರ ಜಗಳ ತನ್ನದಲ್ಲ.

ಸಾಮಿ ಪಾರ್ಲಿಮೆಂಟಿನ ಮತದಾರರ ಪಟ್ಟಿ ನೋಡಿದರೆ ವಿಷಯ ಇನ್ನೂ ಸ್ಪಷ್ಟ. ತಾನು ಸಾಮಿ ಎಂದು ಹೇಳಿಕೊಳ್ಳಬೇಕು. ಜೊತೆಗೆ ತನ್ನದೋ, ಅಪ್ಪ ಅಮ್ಮನದೋ, ಅಜ್ಜಿಯದೋ, ಮುತ್ತಜ್ಜಿಯದೋ ಮನೆಮಾತು ಸಾಮಿ ಆಗಿದ್ದಿರಬೇಕು. ಹೆಸರು ತಾನಾಗಿ ಸೇರುವುದಿಲ್ಲ, ನಾವೇ ಹೋಗಿ ಬರೆಸಬೇಕು. 1989ರಲ್ಲಿ ಬರೆಸಿದವರು ಸುಮಾರು 5,500. 2021ಕ್ಕೆ 20,000 ದಾಟಿತ್ತು. ಆ ವರ್ಷ ಸಾಮಿಯಾಗಲಿ ಅಲ್ಲದಿರಲಿ ಉತ್ತರದವರೆಲ್ಲರಿಗೂ ಸಮಾನ ಹಕ್ಕು ಎನ್ನುವ ನೂರ್‌ಕಲೋಟ್‌ಫೋಲ್ಕೆ ಪಕ್ಷ 9 ಸೀಟು ಗೆದ್ದು ಎರಡನೇ ಸ್ಥಾನಕ್ಕೆ ಬಂತು. ಮುತ್ತಜ್ಜಿಯ ಭಾಷೆಯ ಲೆಕ್ಕದಲ್ಲಿ ಮೊನ್ನೆ ಮೊನ್ನೆ ಹೆಸರು ಬರೆಸಿದವನೂ ದಿನವಿಡೀ ಮಂದೆಯ ಹಿಂದೆ ಓಡುವವನೂ ಒಂದೇ ಚೀಟಿ ಹಾಕಲಿ ಅಂದರೆ ಹೇಗೆ?